ಚೇಳಿಗೆ ಬಿಪಿ ಮಾತ್ರೆ ಏಕೆ?

ಕಳೆದ ಶೇಂಗಾ ಸುಗ್ಗಿಯಲ್ಲಿ ನಮ್ಮ ಮನೆಯಲ್ಲಿ ನಡೆದ ಸಂಗತಿ ಇದು. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಕಡೆ ನಮ್ಮದೊಂದು ಚಿಕ್ಕ ಹೊಲವಿದೆ. ಸಂಜೆ ಹೊತ್ತು, ಕಿತ್ತು ಹಾಕಿದ್ದ ಶೇಂಗಾ ಬಳ್ಳಿಯನ್ನು ಎಲ್ಲರೂ ಎತ್ತಿ ಒಟ್ಟುತ್ತಿದ್ದೆವು. ಚಾಚಾನ ಮಗ, ಎಂಟು ವರ್ಷದವನು, ಚೀರಿ ಕೈ ಕೊಡವಿಕೊಂಡ. ಬಳ್ಳಿಯ ಕೆಳಗಿಂದ ಹರಿದು ಹೋದದ್ದು ಎರಡು ಇಂಚೂ ಇಲ್ಲದ ಕೆಂಪು ಚೇಳು.

ಮುಂದಿನ ಒಂದು ಗಂಟೆ ನಮ್ಮ ಕಡೆಯ ಎಲ್ಲ ಊರುಗಳಲ್ಲಿ ಆಗುವಂತೆಯೇ ಕಳೆಯಿತು. ಒಬ್ಬರು ತೋಳಿಗೆ ಬಟ್ಟೆ ಬಿಗಿದರು. ಇನ್ನೊಬ್ಬರು ಈರುಳ್ಳಿ ತಿಕ್ಕಿದರು. ದಾದಿ ದಮ್ ಮಾಡಿದರು. ಪಕ್ಕದ ಹೊಲದ ಅಜ್ಜ ಚೇಳಿನ ಮಂತ್ರ ಹಾಕುವವರಿಗೆ ಹೇಳಿ ಕಳಿಸಿದರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಹುಡುಗ ವಾಂತಿ ಮಾಡತೊಡಗಿದ, ಅಂಗಿ ಪೂರ್ತಿ ಬೆವರಿನಿಂದ ತೊಯ್ದಿತು, ಬಿಸಿಲಿಳಿಯದ ಆ ಹೊತ್ತಿನಲ್ಲೂ ಅವನ ಕೈಕಾಲು ಮಡಕೆಯ ನೀರಿನಂತೆ ತಣ್ಣಗಾಗಿದ್ದವು. ಆಗ ಚಾಚಾ ಬೈಕ್ ತೆಗೆದರು.

ಆಸ್ಪತ್ರೆಯಲ್ಲಿದ್ದ ಡಾಕ್ಟರಮ್ಮ ನೋಡಿದ ತಕ್ಷಣ ಒಂದು ಮಾತ್ರೆ ಬರೆದು, ಹೊರಗಿನಿಂದ ಬೇಗ ತರಲು ಹೇಳಿದರು. ಮೆಡಿಕಲ್ ಅಂಗಡಿಯವರು ಚೀಟಿ ನೋಡಿ, "ಇದು ಬಿಪಿ ಮಾತ್ರೆ ಅಲ್ರೀ? ಇಷ್ಟು ಸಣ್ಣ ಹುಡುಗನಿಗಾ?" ಎಂದು ಕೇಳಿದರು. ಚಾಚಾನ ಎದೆ ಧಸಕ್ಕೆಂದಿತು. ಮಾತ್ರೆ ಜೇಬಿಗೆ ಹಾಕಿಕೊಂಡು ನನಗೆ ಫೋನ್ ಮಾಡಿದರು. "ಬೇಟಿ, ನೀನು ಸೈನ್ಸ್ ಓದ್ತೀಯಲ್ಲ, ಹೇಳು. ಚೇಳು ಕಡಿದರೆ ಬಿಪಿ ಮಾತ್ರೆ ಕೊಡ್ತಾರಾ? ಡಾಕ್ಟ್ರು ತಪ್ಪು ಬರೆದಾರೇನು?"

ಪ್ರಥಮ ಪಿಯುಸಿಯಲ್ಲಿ ಜೀವಶಾಸ್ತ್ರಕ್ಕೆ ನನಗೆ ತೊಂಬತ್ತರ ಮೇಲೆ ಅಂಕ ಬಂದಿತ್ತು. ನಾನು ಹೇಳಿದ್ದು ಎರಡೇ ಮಾತು: "ಗೊತ್ತಿಲ್ಲ ಚಾಚಾ."

ಚಾಚಾ ಮತ್ತೆ ಆಸ್ಪತ್ರೆಗೆ ಹೋಗಿ, ಡಾಕ್ಟರಮ್ಮನನ್ನು ಹುಡುಕಿ, ಕೇಳಿ, ನಂಬಿ, ಮಾತ್ರೆ ಕೊಡಿಸುವಷ್ಟರಲ್ಲಿ ಇನ್ನೂ ಇಪ್ಪತ್ತು ನಿಮಿಷ ಹೋಯಿತು. ಅಲ್ಲಾಹನ ದಯೆ, ಹುಡುಗ ಉಳಿದ. ನಸುಕಿನಲ್ಲಿ ದಾದಿ ಅವನ ಪಾದ ಮುಟ್ಟಿ ನೋಡಿ, "ಬೆಚ್ಚಗಾಗಿದೆ" ಎಂದು ಅತ್ತುಬಿಟ್ಟರು. ಆದರೆ ಆ ಇಪ್ಪತ್ತು ನಿಮಿಷದ ಲೆಕ್ಕದಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಈ ಲೇಖನ.

ಡಾಕ್ಟರಮ್ಮ ಬರೆದದ್ದು ತಪ್ಪಲ್ಲ. ಆ ಮಾತ್ರೆಯ ಹೆಸರು ಪ್ರಾಜೋಸಿನ್. ಅದು 1970ರ ದಶಕದಲ್ಲಿ ರಕ್ತದೊತ್ತಡ ಇಳಿಸಲೆಂದೇ ಬಂದ ಔಷಧ. ಅದು ಚೇಳಿಗೆ ಹೇಗೆ ಮದ್ದಾಯಿತು ಎಂಬುದಕ್ಕೆ ಉತ್ತರ ನಮ್ಮ ಜೀವಕೋಶದ ಹೊರಮೈಯಲ್ಲಿ ಕೂತಿರುವ ರಿಸೆಪ್ಟರ್ ಎಂಬ ಪ್ರೋಟೀನಿನ ಆಕಾರದಲ್ಲಿದೆ.

ಕೆಂಪು ಚೇಳಿನ ವಿಷ ನೇರವಾಗಿ ಹೃದಯಕ್ಕೆ ಹೋಗಿ ಕಚ್ಚುವುದಿಲ್ಲ. ಅದು ನರಗಳ ಸೋಡಿಯಂ ಬಾಗಿಲುಗಳನ್ನು ಮುಚ್ಚಲು ಬಿಡದೆ ಹಿಡಿಯುತ್ತದೆ. ಕೆರಳಿದ ನರಗಳ ತುದಿಯಿಂದ, ಅಡ್ರಿನಲ್ ಗ್ರಂಥಿಯಿಂದ ಅಡ್ರಿನಾಲಿನ್ ಮತ್ತು ನಾರ್‌ಅಡ್ರಿನಾಲಿನ್ ಪ್ರವಾಹದಂತೆ ರಕ್ತಕ್ಕೆ ನುಗ್ಗುತ್ತವೆ. ರಕ್ತನಾಳಗಳ ಗೋಡೆಯಲ್ಲಿ ಆಲ್ಫಾ-1 ಎಂಬ ರಿಸೆಪ್ಟರ್‌ಗಳಿವೆ. ಅಡ್ರಿನಾಲಿನ್ ಅಲ್ಲಿ ಕೂತರೆ ನಾಳ ಬಿಗಿಯುತ್ತದೆ. ಎಲ್ಲ ನಾಳಗಳೂ ಒಟ್ಟಿಗೆ ಬಿಗಿದರೆ ಕೈಕಾಲಿಗೆ ರಕ್ತ ಸಾಲದೆ ತಣ್ಣಗಾಗುತ್ತವೆ, ಒತ್ತಡ ಏರುತ್ತದೆ, ಹೃದಯ ಎದುರುಗಾಳಿಗೆ ಸೈಕಲ್ ತುಳಿದಂತೆ ಏದುಸಿರು ಬಿಡುತ್ತದೆ. ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಸಾವು ಬರುವುದು ಬಹುಪಾಲು ಈ ದಾರಿಯಲ್ಲಿ. ಪ್ರಾಜೋಸಿನ್ ವಿಷವನ್ನು ಮುಟ್ಟುವುದೇ ಇಲ್ಲ. ಅದು ಆಲ್ಫಾ-1 ರಿಸೆಪ್ಟರಿನಲ್ಲಿ ಹೋಗಿ ಕೂತು, ಅಡ್ರಿನಾಲಿನ್‌ಗೆ ಕೆಲಸ ಮಾಡಲು ಬಿಡುವುದಿಲ್ಲ. ನಾಳ ಸಡಿಲವಾಗುತ್ತದೆ. ಪಾದ ಬೆಚ್ಚಗಾಗುತ್ತದೆ.

ಇಲ್ಲಿ ನನಗೊಂದು ಪ್ರಶ್ನೆ ಎದ್ದಿತು. ನಾವು ಕಲಿತದ್ದು ಬೀಗ ಮತ್ತು ಕೀಲಿಯ ಚಿತ್ರ. ಅಡ್ರಿನಾಲಿನ್ ಒಂದು ಕೀಲಿ, ರಿಸೆಪ್ಟರ್ ಬೀಗ. ಸರಿ, ಆದರೆ ಪ್ರಾಜೋಸಿನ್ ಕೂಡ ಅದೇ ಬೀಗದ ಅದೇ ತೂತಿನಲ್ಲಿ ಕೂರುತ್ತದೆ. ಒಂದು ಕೂತರೆ ನಾಳ ಬಿಗಿಯುತ್ತದೆ, ಇನ್ನೊಂದು ಕೂತರೆ ಸಡಿಲವಾಗುತ್ತದೆ. ಬೀಗ ಒಂದೇ, ಫಲ ಉಲ್ಟಾ. ಹಾಗಾದರೆ 'ಕೂರುವುದು' ಬೇರೆ, 'ಚಾಲೂ ಮಾಡುವುದು' ಬೇರೆ ಎಂದಾಯಿತು. ಪಠ್ಯದ ಬೀಗ-ಕೀಲಿಯ ಚಿತ್ರದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಇದನ್ನು ನಾನು ಅರ್ಥ ಮಾಡಿಕೊಂಡದ್ದು ಅಮ್ಮಿ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ. ಒಂದು ಕ್ಲಿಪ್ಪನ್ನು ಕೈಯಲ್ಲಿ ಹಿಡಿದುಕೊಳ್ಳಿ. ಮೇಲಿನ ಎರಡು ಕಿವಿಗಳನ್ನು ಒತ್ತಿದರೆ ಕೆಳಗಿನ ಬಾಯಿ ತೆರೆಯುತ್ತದೆ. ಈಗ ಆ ಎರಡು ಕಿವಿಗಳ ನಡುವೆ ಒಂದು ಬೆಂಕಿಕಡ್ಡಿಯ ತುಂಡು ಸಿಕ್ಕಿಸಿ ಒತ್ತಿ. ಎಷ್ಟು ಒತ್ತಿದರೂ ಕಿವಿಗಳು ಹತ್ತಿರ ಬರುವುದಿಲ್ಲ, ಕೆಳಗೆ ಬಾಯಿ ತೆರೆಯುವುದಿಲ್ಲ. ಕಡ್ಡಿ ಕೂತದ್ದೂ ಬೆರಳು ಒತ್ತಬೇಕಾದ ಆ ಜಾಗದಲ್ಲೇ. ಆದರೆ ಅದರ ಕೆಲಸ ತಡೆಯುವುದು.

ಈ ರಿಸೆಪ್ಟರ್‌ಗಳು ನಡೆದುಕೊಳ್ಳುವುದೂ ಹೆಚ್ಚುಕಡಿಮೆ ಹೀಗೆಯೇ. ಏಳು ಸುರುಳಿಗಳು ಕೋಶಪೊರೆಯನ್ನು ಮೇಲಿನಿಂದ ಕೆಳಗೆ ಏಳು ಸಲ ದಾಟಿ ಒಂದು ಗೊಂಚಲಾಗಿ ನಿಂತಿರುತ್ತವೆ. ಕೋಶದ ಹೊರಗಿನ ಬದಿಯಲ್ಲಿ ಸುರುಳಿಗಳ ನಡುವೆ ಒಂದು ಗುಳಿ ಇದೆ. ಅಡ್ರಿನಾಲಿನ್ ಅಥವಾ ಅದರಂಥ ಔಷಧ ಅಲ್ಲಿ ಕೂತಾಗ ಐದನೆಯ ಸುರುಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬೀಟಾ-2 ಎಂಬ ರಿಸೆಪ್ಟರಿನಲ್ಲಿ ಈ ಎಳೆತ ಬರೀ 2 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಮೇಲೆ ಇಷ್ಟೇ ಆದರೂ, ಕೋಶದ ಒಳಬದಿಯಲ್ಲಿ ಆರನೆಯ ಸುರುಳಿಯ ತುದಿ 14 ಆಂಗ್‌ಸ್ಟ್ರಾಮ್ ಹೊರಕ್ಕೆ ಸರಿಯುತ್ತದೆ. ಕಿವಿ ತುಸುವೇ ಒತ್ತಿದರೆ ಬಾಯಿ ಅಗಲವಾಗಿ ತೆರೆದಂತೆ. ಆ ತೆರೆದ ಜಾಗಕ್ಕೆ ಒಳಗಿನ ಜಿ-ಪ್ರೋಟೀನ್ ಬಂದು ಸೇರಿಕೊಂಡು ಸುದ್ದಿಯನ್ನು ಮುಂದೆ ಒಯ್ಯುತ್ತದೆ. 14 ಆಂಗ್‌ಸ್ಟ್ರಾಮ್ ಎಂದರೆ ತಲೆಗೂದಲಿನ ದಪ್ಪದಲ್ಲಿ ಸುಮಾರು ಐವತ್ತು ಸಾವಿರದಲ್ಲೊಂದು ಪಾಲು. ನನ್ನ ತಮ್ಮನ ಪಾದ ತಣ್ಣಗಾಗುವುದೂ ಬೆಚ್ಚಗಾಗುವುದೂ ಇಂಥದೇ ಒಂದು ಸಣ್ಣ ಚಲನೆಯ ಮೇಲೆ ನಿಂತಿತ್ತು.

ತಡೆಯುವ ಔಷಧ ಗುಳಿಯಲ್ಲಿ ಕೂರುತ್ತದೆ, ಬಿಗಿಯಾಗಿಯೇ ಕೂರುತ್ತದೆ, ಆದರೆ ಆ ಎಳೆತ ಎಳೆಯುವುದಿಲ್ಲ. ಒಳಗೆ ಬಾಯಿ ಮುಚ್ಚಿಯೇ ಇರುತ್ತದೆ. ಕ್ಲಿಪ್ಪಿನ ಹೋಲಿಕೆಗೂ ಮಿತಿ ಇದೆ, ನಿಜ. ರಿಸೆಪ್ಟರ್ ಎರಡು ಕಡ್ಡಿಗಳದ್ದಲ್ಲ. ಅದು ಸುಮ್ಮನೆ ಕೂರುವುದೂ ಇಲ್ಲ, ಸದಾ ಅಲುಗುತ್ತಿರುತ್ತದೆ, ಕೆಲವೊಮ್ಮೆ ಯಾರೂ ಒತ್ತದಿದ್ದರೂ ಒಂದಿಷ್ಟು ತೆರೆದುಕೊಳ್ಳುತ್ತದೆ. ಆದರೆ ಚಾಚಾನಂಥವರಿಗೆ ಫೋನಿನಲ್ಲಿ ಹೇಳಲು ಕ್ಲಿಪ್ಪು ಸಾಕು.

ಈ ಕ್ಲಿಪ್ಪನ್ನು ಕಣ್ಣಾರೆ ಕಾಣಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. 1948ರಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ, ಅಡ್ರಿನಾಲಿನ್ ಕೆಲವು ಕಡೆ ಬಿಗಿಸುತ್ತದೆ, ಕೆಲವು ಕಡೆ ಸಡಿಲಿಸುತ್ತದೆ, ಆದ್ದರಿಂದ ರಿಸೆಪ್ಟರ್‌ಗಳು ಎರಡು ಬಗೆ ಇರಬೇಕು ಎಂದು ತರ್ಕಿಸಿ, ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಅವರು ಒಂದು ರಿಸೆಪ್ಟರನ್ನೂ ಕಂಡಿರಲಿಲ್ಲ. 1986ರಲ್ಲಿ ಬೀಟಾ-2ರ ಜೀನ್ ಓದಿದಾಗ ಏಳು ಸುರುಳಿಗಳ ಗುಟ್ಟು ಹೊರಬಿತ್ತು. ಕಣ್ಣಿನಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್‌ಗೂ ಇದಕ್ಕೂ ನೆಂಟಸ್ತಿಕೆ ಇದೆಯೆಂದು ತಿಳಿಯಿತು. 2000ದಲ್ಲಿ ಹಸುವಿನ ರೊಡಾಪ್ಸಿನ್ ರಚನೆ ಸಿಕ್ಕಿತು. 2007ರಲ್ಲಿ ತಡೆ ಔಷಧ ಹಿಡಿದು ಕೂತ ಮನುಷ್ಯನ ಬೀಟಾ-2ರ ರಚನೆ, 2011ರಲ್ಲಿ ಚಾಲೂ ಆಗಿ ಜಿ-ಪ್ರೋಟೀನ್ ಹಿಡಿದಿರುವ ಅದರ ರಚನೆ ಬಂದವು. ಈ ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಆ 14 ಆಂಗ್‌ಸ್ಟ್ರಾಮ್ ಕಣ್ಣಿಗೆ ಬಿದ್ದದ್ದು. ರಾಬರ್ಟ್ ಲೆಫ್ಕೋವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಬಗೆಯ ರಿಸೆಪ್ಟರ್‌ಗಳ ಅಧ್ಯಯನಕ್ಕೆ. ನಮ್ಮ ಕಥೆಯ ಆಲ್ಫಾ-1 ಗುಂಪಿನ ಒಂದು ರಿಸೆಪ್ಟರಿನ ರಚನೆ, ಪ್ರಾಜೋಸಿನ್‌ನ ಹತ್ತಿರದ ಸಂಬಂಧಿಯಾದ ಒಂದು ಅಣುವನ್ನು ಗುಳಿಯಲ್ಲಿ ಹಿಡಿದುಕೊಂಡೇ, 2022ರಲ್ಲಿ ಪ್ರಕಟವಾಯಿತು.

ಇದೆಲ್ಲ ಅಮೆರಿಕ, ಯುರೋಪಿನ ಮಾತು ಎಂದುಕೊಳ್ಳಬೇಡಿ. ಯಾವುದೇ ದೇಶದವರು ಪ್ರೋಟೀನಿನ ರಚನೆ ಬಿಡಿಸಿದರೂ ಅದು ಸರಿಯೇ ಎಂದು ಒರೆಗೆ ಹಚ್ಚುವುದು ರಾಮಚಂದ್ರನ್ ನಕ್ಷೆಯಿಂದ. 1963ರಲ್ಲಿ ಮದ್ರಾಸಿನಲ್ಲಿ ಅದನ್ನು ಕೊಟ್ಟ ಜಿ. ಎನ್. ರಾಮಚಂದ್ರನ್ ಅವರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತಶಾಸ್ತ್ರ ವಿಭಾಗ ಕಟ್ಟಿದರು. ಹೊಸಪೇಟೆಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಇಳಿಯುವ ಊರಿನ ವಿದ್ಯೆ ಇದು.

ಚೇಳಿನ ಕಥೆಯ ನಾಯಕ ಮಾತ್ರ ದೊಡ್ಡ ಪ್ರಯೋಗಾಲಯದವರಲ್ಲ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಕಡೆಯ ಹಳ್ಳಿಗಾಡಿನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1976ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಚೇಳು ಕಡಿದ ಮಕ್ಕಳು ಕಣ್ಣೆದುರೇ ಸಾಯುವುದನ್ನು ನೋಡಿದರು. ರೋಗಿಯ ಪಕ್ಕ ರಾತ್ರಿಯಿಡೀ ಕೂತು ನಾಡಿ, ಒತ್ತಡ, ಕೈಕಾಲಿನ ಬಿಸುಪು ಬರೆದಿಟ್ಟರು. ನಾಳ ಬಿಗಿಯುವುದೇ ಕೊಲ್ಲುತ್ತಿದ್ದರೆ ನಾಳ ಸಡಿಲಿಸುವ ಪ್ರಾಜೋಸಿನ್ ಏಕಾಗಬಾರದು ಎಂದು ಯೋಚಿಸಿದರು. ಪತ್ನಿ ಡಾ. ಪ್ರಮೋದಿನಿ ಬಾವಸ್ಕರ್ ಅವರೊಂದಿಗೆ ಬರೆದ ಅವರ ವರದಿ 1986ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಪ್ರಾಜೋಸಿನ್‌ಗೆ ಮೊದಲು ಪಶ್ಚಿಮ ಭಾರತದಲ್ಲಿ ಚೇಳಿನ ವಿಷವೇರಿದವರಲ್ಲಿ ನೂರಕ್ಕೆ 25ರಿಂದ 30 ಮಂದಿ ಸಾಯುತ್ತಿದ್ದರೆಂದೂ, ನಂತರ ಅದು ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತೆಂದೂ ಅವರು ದಾಖಲಿಸಿದ್ದಾರೆ. 2011ರ ಅವರ ಇನ್ನೊಂದು ಅಧ್ಯಯನ, ಪ್ರಾಜೋಸಿನ್ ಜೊತೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ರೋಗಿ ಇನ್ನೂ ಬೇಗ ಚೇತರಿಸಿಕೊಳ್ಳುತ್ತಾರೆಂದು ತೋರಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇಲ್ಲೊಂದು ಆಕ್ಷೇಪ ಬರಬಹುದು. ನಮ್ಮ ತರಗತಿಯಲ್ಲೇ ಒಬ್ಬ ಗೆಳತಿ ಕೇಳಿದಳು: "ಬಾವಸ್ಕರ್ ಸರ್ ರಚನೆಯ ಚಿತ್ರ ನೋಡದೆಯೇ ಜೀವ ಉಳಿಸಿದರಲ್ಲ? ಹಾಗಾದರೆ ಆ ಚಿತ್ರ ಯಾಕೆ ಬೇಕು?" ಒಳ್ಳೆಯ ಪ್ರಶ್ನೆ. ಅವರು ಚಿತ್ರ ನೋಡಿರಲಿಲ್ಲ, ಆದರೆ ರಿಸೆಪ್ಟರ್ ಇದೆ, ಅದನ್ನು ತಡೆಯಬಹುದು ಎಂಬ ವಿಚಾರ ಅವರ ತಲೆಯಲ್ಲಿ ಸ್ಪಷ್ಟವಾಗಿತ್ತು. ಆ ವಿಚಾರ ಇಲ್ಲದಿದ್ದರೆ ಅವರಿಗೂ ಪ್ರಾಜೋಸಿನ್ ಬರೀ ಬಿಪಿ ಮಾತ್ರೆಯಾಗಿಯೇ ಕಾಣುತ್ತಿತ್ತು. ಮುಂದಿನ ಹೆಜ್ಜೆಗೆ ರಚನೆ ಬೇಕು. ಆಲ್ಫಾ-1ರಲ್ಲೇ ಮೂರು ಬಗೆಗಳಿವೆ, ಪ್ರಾಜೋಸಿನ್ ಮೂರನ್ನೂ ತಡೆಯುತ್ತದೆ. ಅದಕ್ಕೇ ಮೊದಲ ಮಾತ್ರೆ ತೆಗೆದುಕೊಂಡವರು ತಟ್ಟನೆ ಎದ್ದರೆ ಒತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಆ ರಾತ್ರಿ ಡಾಕ್ಟರಮ್ಮ "ಹುಡುಗನನ್ನು ಎತ್ತಿ ಕೂರಿಸಬೇಡಿ, ಮಲಗಿರಲಿ" ಎಂದು ಗದರಿದಾಗ ದಾದಿಗೆ ಸಿಟ್ಟು ಬಂದಿತ್ತು. ಕಾರಣ ಇದು. ಮೂರು ಗುಳಿಗಳ ನಡುವಿನ ಸಣ್ಣ ವ್ಯತ್ಯಾಸ ಪರಮಾಣುವಿನ ಮಟ್ಟದಲ್ಲಿ ಕಂಡರೆ, ಬೇಕಾದ ಒಂದನ್ನೇ ಹಿಡಿಯುವ ಔಷಧ ರೂಪಿಸುವ ದಾರಿ ಸಿಗುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಬೆಂಚುಗಳಲ್ಲೇ ಇದೆ. ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ ಗೆಳೆಯರಲ್ಲಿ ಕೆಲವರಿಗೆ ದೂಳಿನಿಂದ ಉಬ್ಬಸ ಬರುತ್ತದೆ. ಇನ್‌ಹೇಲರ್ ಅನ್ನು ಯಾರೂ ನೋಡದಂತೆ ಬ್ಯಾಗಿನ ಮರೆಯಲ್ಲಿ ಎಳೆದುಕೊಳ್ಳುತ್ತಾರೆ. ಅದರೊಳಗಿನ ಸಾಲ್ಬುಟಮಾಲ್ ಬೀಟಾ-2ರ ಕ್ಲಿಪ್ಪನ್ನು ಒತ್ತುವ ಬೆರಳು. ಅದು ಒತ್ತಿದರೆ ಶ್ವಾಸನಾಳ ಸಡಿಲವಾಗುತ್ತದೆ. ಪ್ರೊಪ್ರನೊಲಾಲ್‌ನಂಥ ಬಿಪಿ ಮಾತ್ರೆ ಅದೇ ಕ್ಲಿಪ್ಪಿಗೆ ಬೆಂಕಿಕಡ್ಡಿ. ಉಬ್ಬಸ ಇರುವವರು ಯಾವ ಡಾಕ್ಟರ ಬಳಿ ಹೋದರೂ ಮೊದಲು ತಮ್ಮ ಉಬ್ಬಸದ ವಿಷಯ ಹೇಳಬೇಕಾದದ್ದು ಇದಕ್ಕೇ. ಒಂದೇ 'ಬಿಪಿ ಮಾತ್ರೆ' ಎಂಬ ಹೆಸರಿನಡಿ ಒಂದು ಮಗುವಿಗೆ ಜೀವ ಕೊಡುವುದೂ ಇದೆ, ಉಬ್ಬಸದವರ ಉಸಿರು ಕಟ್ಟಿಸುವುದೂ ಇದೆ. ಹೆಸರು ನೋಡಿ ಹೆದರುವುದೂ ತಪ್ಪು, ಹೆಸರು ನೋಡಿ ನುಂಗುವುದೂ ತಪ್ಪು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಅಕ್ಕಂದಿರು ಓದಿದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ದೈನಂದಿನ ಜೀವನದ ರಸಾಯನಶಾಸ್ತ್ರ ಎಂಬ ಅಧ್ಯಾಯವಿತ್ತು. ರಿಸೆಪ್ಟರ್ ತನ್ನ ಆಕಾರ ಬದಲಿಸಿ ಸುದ್ದಿ ದಾಟಿಸುತ್ತದೆ, ಕೆಲವು ಔಷಧ ಅದನ್ನು ಚಾಲೂ ಮಾಡುತ್ತವೆ, ಕೆಲವು ತಡೆಯುತ್ತವೆ ಎಂಬುದೆಲ್ಲ ಅದರಲ್ಲಿತ್ತು. ಕೋವಿಡ್ ನಂತರ ಹೊರೆ ಇಳಿಸಲೆಂದು ಎನ್‌ಸಿಇಆರ್‌ಟಿ ಪಠ್ಯ ಕಡಿತ ಮಾಡಿದಾಗ ಆ ಅಧ್ಯಾಯವೇ ಹೋಯಿತು. ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಉಳಿದಿರುವುದು ಹಾರ್ಮೋನ್ ರಿಸೆಪ್ಟರ್‌ಗಳ ಬಗ್ಗೆ ಕೆಲವೇ ಸಾಲು. ಸೈಕ್ಲಿಕ್ ಎಎಂಪಿ, ಐಪಿ3, ಕ್ಯಾಲ್ಸಿಯಂ ಎಂದು ನಾವು ಒಂದು ಅಂಕಕ್ಕೆ ಬಾಯಿಪಾಠ ಮಾಡಿದ್ದೇವೆ. ಇನ್‌ಹೇಲರ್ ಕೆಲಸ ಮಾಡುವುದು ಆ ಸೈಕ್ಲಿಕ್ ಎಎಂಪಿಯಿಂದ, ಚೇಳು ಕಡಿದಾಗ ನಾಳ ಬಿಗಿಯುವುದು ಆ ಐಪಿ3 ಮತ್ತು ಕ್ಯಾಲ್ಸಿಯಂನಿಂದ ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಉಪನ್ಯಾಸಕರ ಕಷ್ಟ ನನಗೆ ಗೊತ್ತಿದೆ. ಪಾಠ ಮುಗಿಸಬೇಕು, ಪ್ರಾಯೋಗಿಕ ಪರೀಕ್ಷೆ, ನೀಟ್, ಸಿಇಟಿ ಎಲ್ಲ ತಲೆಯ ಮೇಲಿವೆ. ಪರೀಕ್ಷೆಗೆ ಬಾರದ್ದನ್ನು ಕಲಿಸಿದರೆ ಮಕ್ಕಳೇ ಬೇಸರಪಡುತ್ತಾರೆ ಎನ್ನುವುದೂ ಸುಳ್ಳಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳ ಮಕ್ಕಳು ನಾವು. ನಮ್ಮದು ಕಲ್ಲು, ಬದು, ಮೆದೆ, ಒಣ ಹೊಲದ ಸೀಮೆ. ಕಲ್ಲಿನ ಸಂದಿಯಲ್ಲಿ ಚೇಳು ಇದ್ದೇ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿ ಸೈನ್ಸ್ ಓದುತ್ತಿರುವ ಮೊದಲ ಮಗು. ಏನಾದರೂ ಆದರೆ ಮನೆಯವರು ಫೋನ್ ಮಾಡುವುದು ನಮಗೇ. ಬೇರೆ ಊರಿನಲ್ಲಿ ಆ ಅಧ್ಯಾಯ ಹೊರೆಯೇ ಇರಬಹುದು, ನಮ್ಮಲ್ಲಿ ಅದು ಅವಶ್ಯಕತೆ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಜೀವಶಾಸ್ತ್ರ, ರಸಾಯನಶಾಸ್ತ್ರ ವಿಭಾಗದ ಗುರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ವರ್ಷ ಶೇಂಗಾ ಸುಗ್ಗಿಗೆ ಮೊದಲು ಒಂದು ಶನಿವಾರ, ಒಂದೇ ಒಂದು ಗಂಟೆ, ಈ ಪಾಠಕ್ಕೆ ಕೊಡಿ. ಕಲಾ, ವಾಣಿಜ್ಯ ವಿಭಾಗದವರೂ ಬಂದು ಕೂರಲಿ, ಚೇಳು ವಿಭಾಗ ನೋಡಿ ಕಡಿಯುವುದಿಲ್ಲ. ಸಾಮಗ್ರಿ ಎಂದರೆ ಒಂದು ಡಜನ್ ಬಟ್ಟೆ ಕ್ಲಿಪ್ಪು, ಒಂದು ಬೆಂಕಿಪೊಟ್ಟಣ. ಹತ್ತಿರದ ಆಸ್ಪತ್ರೆಯ ವೈದ್ಯರೊಬ್ಬರನ್ನು ಕರೆಸಿದರೆ ಇನ್ನೂ ಒಳ್ಳೆಯದು. ಕಡಿದ ಮೇಲೆ ಏನು ಮಾಡಬೇಕು ಎಂಬುದು ಅವರ ಬಾಯಿಂದಲೇ ಬರಲಿ. ಎನ್‌ಎಸ್‌ಎಸ್ ಶಿಬಿರಕ್ಕೆ ಹೋದ ಹಳ್ಳಿಯಲ್ಲಿ ಅದನ್ನೇ ನಾವು ತೋರಿಸಬಹುದು.

ಸಹಪಾಠಿಗಳಿಗೂ ಒಂದು ಮಾತು. ಈ ಲೇಖನ ಓದಿ ಯಾರೂ ಪ್ರಾಜೋಸಿನ್ ತಂದು ಮನೆಯಲ್ಲಿ ಇಡಬೇಡಿ. ಯಾರಿಗೆ, ಯಾವಾಗ, ಎಷ್ಟು ಎಂಬುದು ವೈದ್ಯರ ಕೆಲಸ. ನಮ್ಮ ಕೆಲಸ ಬೇರೆ: ಚೇಳು ಕಡಿದು ವಾಂತಿ, ಬೆವರು, ತಣ್ಣನೆಯ ಕೈಕಾಲು ಕಂಡರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿಸುವುದು, 108ಕ್ಕೆ ಕರೆ ಮಾಡುವುದು, ಅಲ್ಲಿ ಕೊಟ್ಟ ಔಷಧವನ್ನು ಮನೆಯವರು ನಂಬುವಂತೆ ಅರ್ಥ ಮಾಡಿಸುವುದು. ದಾದಿಯ ದಮ್‌ಗಾಗಲಿ ಅಜ್ಜನ ಮಂತ್ರಕ್ಕಾಗಲಿ ನಾನು ಎದುರು ಮಾತಾಡುವುದಿಲ್ಲ. ದುವಾ ಗಾಡಿಯಲ್ಲಿ ಹೋಗುತ್ತಲೂ ಮಾಡಬಹುದು. ಗಾಡಿ ಮಾತ್ರ ನಿಲ್ಲಬಾರದು.

ಮೊನ್ನೆ ಮನೆಗೆ ಹೋದಾಗ ಚಾಚಾನ ಮುಂದೆ ಕ್ಲಿಪ್ಪು ಹಿಡಿದು, ನಡುವೆ ಬೆಂಕಿಕಡ್ಡಿ ಇಟ್ಟು ತೋರಿಸಿದೆ. ಅವರು ಎರಡು ಸಲ ತಾವೇ ಒತ್ತಿ ನೋಡಿದರು. "ಇಷ್ಟೇನಾ? ಇದನ್ನ ಅವತ್ತೇ ಹೇಳಿದ್ರೆ ಓಡ್ಕೊಂಡು ಹೋಗಿ ಕೊಡ್ತಿದ್ದೆ" ಎಂದರು. ಆ ಮಾತಿಗೆ ನನ್ನಲ್ಲಿ ಜವಾಬಿರಲಿಲ್ಲ. ಮುಂದಿನ ಸುಗ್ಗಿಯಲ್ಲಿ ನಿಮ್ಮಲ್ಲಿ ಯಾರಿಗೆ ಮನೆಯಿಂದ ಅಂಥ ಫೋನ್ ಬಂದರೂ "ಗೊತ್ತಿಲ್ಲ" ಎನ್ನುವ ಪಾಳಿ ಬಾರದಿರಲಿ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ